ಮೂರು ಅಂಗಡಿಯ ಚಿಕನ್ ಮತ್ತು ವರ್ಡೆಲಳ ನಾಲಿಗೆ

ಡಾಕ್ಟರು ಪರದೆಯ ಮೇಲಿನ ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ, "ಗಂಟು ಏನೂ ಉಳಿದಿಲ್ಲ ಮಿಸೆಸ್ ಹಟ್ಟೋ. ಪೂರ್ತಿ ಹೋಗಿದೆ" ಎಂದರು. ನನಗೆ ಕೂತಲ್ಲಿಂದ ಏಳಲು ಆಗಲಿಲ್ಲ. ನನ್ನ ಹೆಂಡತಿ ವರ್ಡೆಲ್ ಮಾತ್ರ ಕೈಚೀಲವನ್ನು ಹೆಗಲಿಗೇರಿಸಿ ಎದ್ದು ನಿಂತಳು.

"ಏಳು ಆಲ್ಟನ್. ಟಾಲಿವರ್ಸ್‌ಗೆ ಹೋಗೋಣ. ಫೆಬ್ರವರಿಯಿಂದ ಕಾದಿದೀನಿ."

ಡಾಕ್ಟರು ನಕ್ಕು ಬಾಗಿಲವರೆಗೂ ಬಂದು ಕೈಕುಲುಕಿದರು. ಲಿಫ್ಟಿನಲ್ಲಿ ನಾನು ಗೋಡೆಗೆ ಮುಖ ಮಾಡಿ ಅತ್ತೆ. ವರ್ಡೆಲ್ ನನ್ನ ಬೆನ್ನು ತಟ್ಟುತ್ತ, "ಸಾಕು ಬೇಬಿ, ಜನ ನೋಡಿದ್ರೆ ನಾನು ಸತ್ತೇ ಹೋದೆ ಅಂದ್ಕೋತಾರೆ" ಎಂದಳು.

ಆಸ್ಪತ್ರೆಯಿಂದ ಪಯೋ ನೋನೋ ರಸ್ತೆಯ ಟಾಲಿವರ್ಸ್‌ಗೆ ಬಂದು, ಕಾರಿನ ಕಿಟಕಿಯಿಂದಲೇ ಎರಡು ಸ್ಯಾಂಡ್‌ವಿಚ್ ತೆಗೆದುಕೊಂಡು, ಅಲ್ಲೇ ನೆರಳು ನೋಡಿ ಕಾರು ನಿಲ್ಲಿಸಿದೆ. ಟಾಲಿವರ್ಸ್‌ನವರದು ಹೆಚ್ಚು ಆಡಂಬರವಿಲ್ಲದ ಸ್ಯಾಂಡ್‌ವಿಚ್. ಬೆಣ್ಣೆ ಸವರಿ ಬೆಚ್ಚಗೆ ಮಾಡಿದ ಬನ್ನು, ನಡುವೆ ಕರಿದ ಕೋಳಿ, ಅದರಡಿಯಲ್ಲಿ ಹುಳಿ ನೀರಿನಲ್ಲಿ ನೆನೆದ ಸೌತೆಕಾಯಿಯ ಎರಡು ಹೋಳು. ವರ್ಡೆಲ್ ಕಾಗದ ಬಿಚ್ಚಿ, ಕಣ್ಣುಮುಚ್ಚಿ ಪ್ರಾರ್ಥನೆ ಮುಗಿಸಿ, ದೊಡ್ಡದಾಗಿ ಕಚ್ಚಿದಳು. ಅಗಿದಳು. ಇನ್ನೂ ಅಗಿದಳು.

"ಹೇಗಿದೆ?" ಎಂದು ಕೇಳಿದೆ.

"ಬೆಚ್ಚಗಿದೆ" ಎಂದಳು.

ಅಷ್ಟು ಹೇಳಿ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ನಾಲಿಗೆಯ ಬುಡದಲ್ಲಿದ್ದ ಗಂಟನ್ನು ಸುಡಲು ಕೊಟ್ಟ ಕಿರಣಗಳು ಅವಳ ರುಚಿಯನ್ನೂ ಸುಟ್ಟಿದ್ದವು. ಅದು ನಮಗೆ ಮೊದಲೇ ಗೊತ್ತಿತ್ತು. ಆದರೆ ಕಾಯಿಲೆ ಹೋದ ದಿನವೇ ರುಚಿಯೂ ಮನೆಗೆ ಬರುತ್ತದೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ವರ್ಷವಾಗಬಹುದು, ಎರಡಾಗಬಹುದು, ಕೆಲವರಿಗೆ ಬರುವುದೇ ಇಲ್ಲ ಎಂದು ಡಾಕ್ಟರು ಆಮೇಲೆ ಫೋನಿನಲ್ಲಿ ಹೇಳಿದರು.

ಬದುಕಿದ್ದಾಳಲ್ಲ, ಅದಕ್ಕಿಂತ ಇನ್ನೇನು ಬೇಕು ಎಂದು ನಾನು ದಿನಕ್ಕೆ ಹತ್ತು ಸಲ ನನಗೇ ಹೇಳಿಕೊಳ್ಳುತ್ತಿದ್ದೆ. ಅದು ನಿಜವೂ ಆಗಿತ್ತು. ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅವಳ ಉಸಿರು ಕೇಳಿಸಿದರೆ ಸಾಕು, ನನ್ನ ಇಡೀ ದಿನ ಹಗುರವಾಗಿರುತ್ತಿತ್ತು. ಆದರೂ ಊಟದ ಮೇಜಿನ ಮುಂದೆ ಕೂತಾಗ ಮನೆ ನಮ್ಮ ಮನೆಯ ಹಾಗಿರುತ್ತಿರಲಿಲ್ಲ.

ಯಾಕೆಂದರೆ ವರ್ಡೆಲ್ ಊಟದ ಮುಂದೆ ಸುಮ್ಮನೆ ಕೂರುವ ಹೆಂಗಸೇ ಅಲ್ಲ. ಮೇಕನ್ ಊರಿನಲ್ಲಿ ಮೂವತ್ತು ವರ್ಷ ಹೆಂಗಸರ ತಲೆಗೂದಲು ತಿದ್ದುವ ಅಂಗಡಿ ನಡೆಸಿದವಳು. ಆ ಅಂಗಡಿಯಲ್ಲಿ ಕೂತವರೆಲ್ಲ ಅವಳ ನಾಲಿಗೆಯ ರುಚಿ ಕಂಡವರೇ. ಎಲ್ಲಕ್ಕಿಂತ ಹೆಚ್ಚಿನ ಜಗಳ ಅವಳಿಗೂ ಅವಳ ತಮ್ಮ ಕ್ಲೀವನ್‌ಗೂ. ಜಗಳದ ವಿಷಯ ಒಂದೇ: ಯಾವ ಅಂಗಡಿಯ ಚಿಕನ್ ಸ್ಯಾಂಡ್‌ವಿಚ್ ಮೇಲು.

ವರ್ಡೆಲ್ ಟಾಲಿವರ್ಸ್ ಕಡೆ. ಕ್ಲೀವನ್ ಕಿಂಗ್ ಬಾಯೂ ಕಡೆ. ಕಿಂಗ್ ಬಾಯೂನವರದು ಅಂಗೈಗಿಂತ ದೊಡ್ಡ ತುಂಡು. ಮೇಲಿನ ಹಿಟ್ಟು ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟು ಗರಿಗರಿಯಾಗಿರುತ್ತದೆ. ಖಾರಕ್ಕೆ ಮೂಗು ಸೋರುತ್ತದೆ. ಮೂರನೆಯದು ಹ್ಯಾಪಿ ಹೆನ್. ಚೌಕದ ತುಂಡು, ಮೇಲೆ ಹೆಚ್ಚಿದ ಎಲೆಸೊಪ್ಪು, ಬಿಳಿ ಸಾಸು. ಅದರ ಕಡೆ ನಾನು. "ಆಲ್ಟನ್‌ಗೆ ರಟ್ಟಿನ ಡಬ್ಬಿ ಕರಿದು ಕೊಟ್ರೂ ಥ್ಯಾಂಕ್ಯೂ ಅಂತಾನೆ" ಎನ್ನುವುದೊಂದರಲ್ಲಿ ಮಾತ್ರ ಅಕ್ಕ ತಮ್ಮ ಇಬ್ಬರದೂ ಒಂದೇ ಅಭಿಪ್ರಾಯ.

ಈಗ ಕ್ಲೀವನ್ ಬಂದು ಬೇಕೆಂದೇ ಕೆಣಕಿದರೂ ಅವಳು, "ಇರಬಹುದು ಕ್ಲೀವ್, ನೀನು ಹೇಳಿದ್ದೇ ಸರಿ ಇರಬಹುದು" ಎಂದುಬಿಡುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಸ್ಕ್ಯಾನ್ ಕೋಣೆಯ ಹೊರಗೆ ಕೂತಾಗಿನದೇ ಭಯ ಬರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಕ್ಲೀವನ್ ಮೂರೂ ಅಂಗಡಿಯ ಪೊಟ್ಟಣಗಳನ್ನು ಹಿಡಿದು ಅಡುಗೆಮನೆಗೆ ಬಂದ. ಟೈರ್ ಅಂಗಡಿಯಿಂದ ನೇರವಾಗಿ ಬಂದಿದ್ದ. ಅಂಗಿಯ ಮೇಲೆ ಕಪ್ಪು ಗುರುತುಗಳಿದ್ದವು.

"ಸಿಸ್, ಯಂತ್ರ ನಿಂತ್ರೆ ತಳ್ಳಿ ಸ್ಟಾರ್ಟ್ ಮಾಡ್ಬೇಕು. ನಾಲಿಗೇನೂ ಹಾಗೇ. ಪ್ರತಿ ಶನಿವಾರ ತಳ್ಳೋಣ."

"ನನ್ನ ನಾಲಿಗೆ ನಿನ್ನ ಹಳೇ ಟ್ರಕ್ಕಾ?"

"ಟ್ರಕ್ಕಿಗಿಂತ ಜಾಸ್ತಿ ಸದ್ದು ಮಾಡ್ತಿತ್ತು. ಈಗ ಸದ್ದಿಲ್ಲ. ಅದೇ ಚಿಂತೆ."

ಚರ್ಚಿಗೆ ಕಟ್ಟುವ ತನ್ನ ಟೈಯನ್ನು ಜೇಬಿನಿಂದ ತೆಗೆದು ಅವಳ ಕಣ್ಣಿಗೆ ಕಟ್ಟಿದ. ಸ್ಯಾಂಡ್‌ವಿಚ್‌ಗಳನ್ನು ಕಾಲು ಕಾಲು ಭಾಗ ಮಾಡಿ ಒಂದೊಂದಾಗಿ ಅವಳ ಕೈಗಿಟ್ಟ. ಅವಳು ಪ್ರಾಮಾಣಿಕವಾಗಿ ತಿಂದಳು. ಮೂರೂ ಮುಗಿದ ಮೇಲೆ, "ಒದ್ದೆ ಕಾಗದ, ಗಟ್ಟಿ ಕಾಗದ, ಸೊಪ್ಪಿರೋ ಕಾಗದ" ಎಂದಳು.

ಕ್ಲೀವನ್ ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದ. ನೀರು ಸುಮ್ಮನೆ ಸುರಿಯುತ್ತಿತ್ತು. ತೊಳೆಯಲು ಅಲ್ಲಿ ಏನೂ ಇರಲಿಲ್ಲ. ಬೆಳಗಿನ ಹೊತ್ತು ನಾನು ಶಾಲೆಯ ಬಸ್ಸು ಓಡಿಸುತ್ತೇನೆ. ಹಾಗಾಗಿ ಕಿರಣ ಕೊಡಿಸಲು ದಿನವೂ ಅವಳನ್ನು ಕರೆದುಕೊಂಡು ಹೋದವನು ಅವನೇ. ಅವಳ ಕತ್ತಿನ ಚರ್ಮ ಕಪ್ಪಾಗಿ ಸುಲಿಯುವುದನ್ನು ದಿನ ದಿನ ನೋಡಿದವನೂ ಅವನೇ. ವರ್ಡೆಲ್ ಟೈಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಅವನ ಬೆನ್ನನ್ನೇ ನೋಡುತ್ತ ಕೂತಿದ್ದಳು.

ಮುಂದಿನ ಶನಿವಾರ ಮೊದಲ ತುಂಡು ಅಗಿದವಳೇ ಕೈ ಎತ್ತಿದಳು.

"ತಡಿ. ಇದು ಟಾಲಿವರ್ಸ್."

ಕ್ಲೀವನ್ ಕೈಯಲ್ಲಿದ್ದ ತಟ್ಟೆ ಮೇಜಿಗೆ ಬಡಿಯಿತು. "ಹೇಗ್ ಗೊತ್ತಾಯ್ತು?"

"ಸೌತೆಕಾಯಿ. ಆ ಹುಳಿ. ಸಣ್ಣಗೆ, ದೂರದಿಂದ ಬಂದ ಹಾಗಿದೆ."

ಉಳಿದೆರಡನ್ನೂ ಸರಿಯಾಗಿ ಹೇಳಿದಳು. ಕ್ಲೀವನ್ ಅವಳನ್ನು ಕುರ್ಚಿ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದ. ನಾನು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮತ್ತೆ ಅತ್ತೆ. ಆ ವರ್ಷ ನನ್ನ ಕಣ್ಣಿಗೆ ಅದೊಂದು ಕೆಲಸವಾಗಿತ್ತು. ಮರುದಿನ ಚರ್ಚಿನಲ್ಲಿ ಕ್ಲೀವನ್ ಎದ್ದು ನಿಂತು, ದೇವರು ಅಕ್ಕನ ರುಚಿ ಮರಳಿ ಕೊಟ್ಟ ಎಂದು ಎಲ್ಲರ ಮುಂದೆ ಸಾಕ್ಷಿ ಹೇಳಿದ. ಪಾಸ್ಟರ್ ಗೇನ್ಸ್ ಮೂರು ಸಲ ಹಲ್ಲೆಲೂಯ ಎಂದರು.

ಆ ಸಂತೋಷ ನನಗೆ ಕೆಲವು ವಾರ ಉಳಿಯಿತು. ಒಂದು ಬೆಳಿಗ್ಗೆ ನಾನು ಕಾಫಿಗೆ ಹಾಲು ಬಗ್ಗಿಸಿಕೊಂಡರೆ ಅದು ಮೊಸರಿನಂತೆ ಗಂಟುಗಂಟಾಗಿ ಬಿತ್ತು. ಎದುರಿಗೆ ವರ್ಡೆಲ್ ಅದೇ ಹಾಲು ಹಾಕಿದ ಓಟ್ಸ್ ತಿನ್ನುತ್ತ ಪತ್ರಿಕೆ ಓದುತ್ತಿದ್ದಳು. ಬಟ್ಟಲು ಅರ್ಧ ಖಾಲಿಯಾಗಿತ್ತು. ಅವಳಿಗೆ ಗೊತ್ತಾಗದ ಹಾಗೆ ನಾನು ಉಳಿದ ಹಾಲನ್ನು ಸಿಂಕಿಗೆ ಚೆಲ್ಲಿದೆ.

ಆ ಶನಿವಾರ ತುಂಡು ಮಾಡುವ ಕೆಲಸ ನಾನು ವಹಿಸಿಕೊಂಡೆ. ಟಾಲಿವರ್ಸ್‌ನ ಅವಳ ಪಾಲಿನಿಂದ ಹುಳಿ ಸೌತೆಯನ್ನು ತೆಗೆದು, ಸಕ್ಕರೆ ಪಾಕದಲ್ಲಿಟ್ಟ ಸಿಹಿ ಸೌತೆಯನ್ನು ಇಟ್ಟೆ. ಅವಳಿಗೆ ಆ ಸಿಹಿ ಸೌತೆ ಜನ್ಮದಲ್ಲೇ ಆಗುವುದಿಲ್ಲ.

ಅವಳು ಅಗಿದು ನಕ್ಕಳು. "ಹೂಂ, ಬಂತು ನೋಡು ನನ್ನ ಟಾಲಿವರ್ಸ್. ಆ ಹುಳಿ ಇವತ್ತು ಇನ್ನೂ ಚೆನ್ನಾಗಿದೆ."

ಕ್ಲೀವನ್ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.

ಅವನು ಹೋದ ಮೇಲೆ ವರಾಂಡದಲ್ಲಿ ಅವಳ ಪಕ್ಕ ಕೂತು, ನಾನು ಮಾಡಿದ್ದನ್ನು ಹೇಳಿದೆ. ಅವಳು ಬೀದಿಯ ಕಡೆ ಮುಖ ತಿರುಗಿಸಿದಳು.

"ಸದ್ದಿನಿಂದ ಗೊತ್ತಾಗುತ್ತೆ" ಎಂದಳು. "ಕಿಂಗ್ ಬಾಯೂ ಜಲ್ಲಿ ಮೇಲೆ ನಡೆದ ಹಾಗೆ. ಹ್ಯಾಪಿ ಹೆನ್‌ನಲ್ಲಿ ಸೊಪ್ಪು. ಎರಡೂ ಇಲ್ದಿದ್ರೆ ಟಾಲಿವರ್ಸ್. ಅದರಲ್ಲೇನು ಜಾಣತನ."

"ನನಗಾದ್ರೂ ಹೇಳ್ಬಹುದಿತ್ತಲ್ಲ."

"ನಿನಗೆ ಹೇಳಿದ್ರೆ ನಿನ್ನ ಮುಖ ಹೇಳಿಬಿಡ್ತಿತ್ತು. ಅವನು ಅವತ್ತು ನಲ್ಲಿ ಬಿಟ್ಕೊಂಡು ನಿಂತಿದ್ದನ್ನ ನೋಡಿದ್ಯಲ್ಲ? ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಅವಾಗ್ಲೂ ಹೀಗೇ ಬೆನ್ನು ತಿರುಗಿಸಿ ನಿಂತಿದ್ದ. ಅದನ್ನ ನಾನು ವಾರ ವಾರ ನೋಡೋಕಾಗಲ್ಲ ಆಲ್ಟನ್."

ನನಗೆ ಕೋಪ ಬಂದದ್ದು ನಿಜ. ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು? ಆಗಲಿ ಎಂದೆ. ಹೀಗೆ ನಾನೂ ಅವಳ ಕಳ್ಳಾಟಕ್ಕೆ ಸೇರಿಕೊಂಡೆ.

ಎಡವಟ್ಟಾದದ್ದು ಸೆಪ್ಟೆಂಬರಿನಲ್ಲಿ, ಚರ್ಚಿನ ವಾರ್ಷಿಕ ಊಟದ ದಿನ. ಹುಲ್ಲುಹಾಸಿನ ಮೇಲೆ ಉದ್ದಕ್ಕೆ ಮೇಜುಗಳು, ಮನೆಮನೆಯಿಂದ ಬಂದ ಪಾತ್ರೆಗಳು. ಅವುಗಳ ನಡುವೆ ಕ್ಲೀವನ್ ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ, ಊರಿನ ಅಂಗಡಿಗಳ ಚಿಕನ್ ಸ್ಯಾಂಡ್‌ವಿಚ್‌ಗಳನ್ನೆಲ್ಲ ಬೆಳ್ಳಿಕಾಗದದಲ್ಲಿ ಸುತ್ತಿ ಸಾಲಾಗಿ ಜೋಡಿಸಿದ್ದ. ನಮಗೆ ಒಂದು ಮಾತೂ ಹೇಳಿರಲಿಲ್ಲ.

"ಬ್ರದರ್ಸ್, ಸಿಸ್ಟರ್ಸ್!" ಎಂದು ಕೂಗಿದ. "ನಮ್ಮಕ್ಕ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಯಾವುದು ಯಾವ ಅಂಗಡೀದು ಅಂತ ಹೇಳ್ತಾಳೆ. ಆಮೇಲೆ ಯಾವುದು ಮೇಲು ಅನ್ನೋದನ್ನೂ ಇವತ್ತೇ ಇತ್ಯರ್ಥ ಮಾಡ್ತಾಳೆ!"

ಜನ ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದುಕೊಂಡು ಸುತ್ತ ಕೂತರು. ವರ್ಡೆಲ್ ನನ್ನ ಕಡೆ ಒಮ್ಮೆ ನೋಡಿ ಮುಂದೆ ಹೋದಳು. ಕ್ಲೀವನ್ ಅವಳ ಕಣ್ಣಿಗೆ ಟೈ ಕಟ್ಟಿದ. ಮೊದಲ ತುಂಡು ಬಾಯಿಗೆ ಹೋಯಿತು.

ಆಗ ನನಗೆ ಹೊಳೆಯಿತು. ಆ ಪೊಟ್ಟಣಗಳು ಬಿಸಿಲಿನಲ್ಲಿ ಒಂದು ಗಂಟೆಗೂ ಮೇಲೆ ಕೂತಿದ್ದವು. ಬೆಳ್ಳಿಕಾಗದದೊಳಗೆ ತಮ್ಮದೇ ಹಬೆಯಲ್ಲಿ ಬೆಂದು ಎಲ್ಲವೂ ಮೆತ್ತಗಾಗಿದ್ದವು. ಕಿಂಗ್ ಬಾಯೂನ ಜಲ್ಲಿಯೂ ಸದ್ದು ಮಾಡುವ ಹಾಗಿರಲಿಲ್ಲ. ಸೊಪ್ಪನ್ನು ಕ್ಲೀವನ್ ತಾನೇ ತೆಗೆದು ಹಾಕಿದ್ದ, ಆಟ ಕಷ್ಟವಾಗಲಿ ಎಂದು.

ವರ್ಡೆಲ್ ಅಗಿಯುತ್ತಲೇ ಇದ್ದಳು. ಅವಳ ಕೈ ಮೇಜಿನ ಬಟ್ಟೆಯ ಅಂಚನ್ನು ಹಿಡಿದುಕೊಂಡಿತು. ನಾನು ಕೆಮ್ಮಿ ಏನಾದರೂ ಸೂಚನೆ ಕೊಡೋಣವೆಂದರೆ, ಅದು ಯಾವುದೆಂದು ನನಗೂ ಗೊತ್ತಿರಲಿಲ್ಲ.

"ಹೇಳು ಸಿಸ್! ಸುಲಭದ್ದೇ ಕೊಟ್ಟಿದೀನಿ!"

ಅವಳು ನುಂಗಿದಳು. ತಾನೇ ಟೈ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟಳು.

"ಕ್ಲೀವ್, ನನಗೆ ಏನೂ ಗೊತ್ತಾಗ್ತಿಲ್ಲ. ಇವತ್ತಷ್ಟೇ ಅಲ್ಲ, ಯಾವತ್ತೂ ಗೊತ್ತಾಗಿಲ್ಲ. ವಸಂತದಿಂದ ಈಚೆಗೆ ನನ್ನ ಬಾಯಿಗೆ ಒಂದು ರುಚೀನೂ ಬಂದಿಲ್ಲ. ಶನಿವಾರ ಹೇಳಿದ್ದೆಲ್ಲ ಸದ್ದು ಕೇಳಿ ಹೇಳಿದ್ದು. ಸುಳ್ಳು ಹೇಳಿದೆ."

ಕ್ಲೀವನ್‌ನ ಮುಖದ ನಗು ಇನ್ನೂ ಇಳಿದಿರಲಿಲ್ಲ, ಎಲ್ಲಿಗೆ ಹೋಗಬೇಕೆಂದು ಅದಕ್ಕೇ ತಿಳಿಯದ ಹಾಗಿತ್ತು.

ಆಗ ಮೊದಲ ಸಾಲಿನಿಂದ ಮಿಸ್ ಓಝೆಲ್ಲಾ ಕೋಲೂರಿ ಎದ್ದರು. ಎಂಬತ್ತು ದಾಟಿದ ಮುದುಕಿ, ಚರ್ಚಿನ ಅಡುಗೆಗೆಲ್ಲ ಅವರೇ ಯಜಮಾನಿ.

"ಅಯ್ಯೋ ದೇವರೇ, ಸದ್ಯ!" ಎಂದರು. "ನನಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ. ಆ ಬೀಪಿ ಮಾತ್ರೆ ಶುರುವಾದಾಗಿಂದ ನನ್ನ ಬಾಯಿಗೂ ಏನೂ ಹತ್ತಲ್ಲ ಕಣಮ್ಮ. ಮೂರು ವರ್ಷದಿಂದ ಆಲೂಗಡ್ಡೆ ಸಲಾಡ್‌ಗೆ ಅಂದಾಜಲ್ಲೇ ಉಪ್ಪು ಹಾಕ್ತಿದೀನಿ. ಯಾರ ಹತ್ರ ಹೇಳ್ಕೊಳ್ಳೋದು?"

ಇಡೀ ಸಭೆಯ ಕಣ್ಣು ಮೇಜಿನ ನಡುವೆ ಇದ್ದ ದೊಡ್ಡ ಸಲಾಡ್ ಬೋಗುಣಿಯ ಕಡೆ ತಿರುಗಿತು.

ಪಾಸ್ಟರ್ ಗೇನ್ಸ್ ಗಂಟಲು ಸರಿಮಾಡಿಕೊಂಡರು. "ಮಿಸ್ ಓಝೆಲ್ಲಾ, ನಮಗೆ… ಸ್ವಲ್ಪ ಅನುಮಾನ ಇತ್ತು."

"ಅದಕ್ಕೇನಾ ಪಾಸ್ಟರ್, ನೀವು ಅಷ್ಟೊಂದು ನೀರು ಕುಡೀತಿದ್ದಿದ್ದು?"

ಮೊದಲು ನಕ್ಕವರು ಯಾರೋ ತಿಳಿಯದು. ಆಮೇಲೆ ಎಲ್ಲರೂ ನಕ್ಕರು. ಮಿಸ್ ಓಝೆಲ್ಲಾ ಎಲ್ಲರಿಗಿಂತ ಜೋರಾಗಿ ನಕ್ಕು, ಬಂದು ವರ್ಡೆಲಳನ್ನು ತಬ್ಬಿಕೊಂಡರು. ಇಬ್ಬರೂ ಅಲ್ಲೇ ಕೂತು, ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗಾಗುವುದು, ಕಾಫಿ ಬಿಸಿನೀರಾಗುವುದು, ಜನ ಮುಖ ನೋಡುವಾಗ ಚಪ್ಪರಿಸಿ ತೋರಿಸಬೇಕಾಗುವುದು, ಎಲ್ಲವನ್ನೂ ಹೇಳಿಕೊಳ್ಳತೊಡಗಿದರು. ವರ್ಡೆಲಳ ಭುಜ ಇಳಿದಿತ್ತು. ಅವಳು ಅಷ್ಟು ನೆಟ್ಟಗೆ, ಬಿಗಿಯಾಗಿ ಕೂರುತ್ತಿದ್ದಳೆಂದು ನನಗೆ ಗೊತ್ತಾದದ್ದೇ ಆ ಬಿಗಿ ಸಡಿಲವಾದಾಗ.

ಕ್ಲೀವನ್ ಮಾತ್ರ ಅಲ್ಲಿರಲಿಲ್ಲ. ಟ್ರಕ್ಕಿನೊಳಗೆ ಹೋಗಿ ಗಾಜು ಏರಿಸಿ ಕೂತಿದ್ದ. ವರ್ಡೆಲ್ ಹೋಗಿ ಗಾಜು ಬಡಿದಳು. ನಾನು ಸ್ವಲ್ಪ ಹಿಂದೆ ನಿಂತೆ.

"ಇಳಿಸು ಕ್ಲೀವ್."

ಗಾಜು ಇಳಿಯಿತು. "ಇಡೀ ಚರ್ಚಿನ ಮುಂದೆ ನನ್ನ ಕೋಡಂಗಿ ಮಾಡಿದೆ. ನಾನು ಸಾಕ್ಷಿ ಹೇಳಿದ್ದೆ ಸಿಸ್. ದೇವರ ಮುಂದೆ ನಿಂತು ಹೇಳಿದ್ದೆ."

"ಹೌದು. ತಪ್ಪಾಯ್ತು."

"ಯಾಕೆ ಹಾಗೆ ಮಾಡಿದೆ?"

"ನಿನ್ನ ಮುಖ ನೋಡೋಕಾಗ್ಲಿಲ್ಲ."

"ನನ್ನ ಮುಖಕ್ಕೇನಾಗಿದೆ?"

"ಹುಟ್ಟಿದಾಗಿಂದ ಹಾಗೇ ಇದೆ, ಅದು ಬಿಡು" ಎಂದಳು. ಅವನು ನಗಬಾರದೆಂದು ತುಟಿ ಕಚ್ಚಿಕೊಂಡ. ಅವಳು ಕಿಟಕಿಯೊಳಗೆ ಕೈ ಹಾಕಿ ಅವನ ಕತ್ತು ಹಿಡಿದಳು. "ನೀನು ಸೋತ ಹಾಗೆ ನಿಂತ್ಕೋತೀಯ ಕಣೋ. ನನ್ನ ನಾಲಿಗೆಗೆ ರುಚಿ ಬರ್ದೇ ಇದ್ರೆ ನಿನ್ನದೇ ತಪ್ಪು ಅನ್ನೋ ಹಾಗೆ."

ಕ್ಲೀವನ್ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. "ನೀನು ಅವತ್ತು ಟಾಲಿವರ್ಸ್ ಅಂದ್ಯಲ್ಲ, ಅವತ್ತು ನಾನು ಸರಿಯಾಗಿ ನಿದ್ದೆ ಮಾಡಿದೆ. ಫೆಬ್ರವರಿಯಿಂದ ಅದೇ ಮೊದಲನೇ ನಿದ್ದೆ."

"ಮತ್ತಿನ್ನೇನು? ಸುಳ್ಳಾದ್ರೂ ನಿದ್ದೆ ನಿಜವಾದದ್ದೇ ತಾನೆ? ಈಗ ಕೇಳು. ಕಾಯಿಲೆ ಹೋಗಿದೆ. ನಾನು ಎಲ್ಲೂ ಹೋಗ್ತಿಲ್ಲ. ರುಚಿ ಇಲ್ದೇನೂ ನಾನು ನಾನೇ. ಅದನ್ನ ನೀನು ನಂಬು, ನಿದ್ದೆ ಅದಾಗೇ ಬರುತ್ತೆ."

ಅವನು ತಲೆಯೆತ್ತಿ, "ಸರಿ. ನಿನಗೆ ಏನ್ ಬೇಕು, ಅದನ್ನಾದ್ರೂ ಹೇಳು" ಎಂದ.

"ಒಂದು ಶನಿವಾರ ಯಾರೂ ನನ್ನ ಬಾಯಿಗೆ ಏನನ್ನೂ ಇಟ್ಟು ಮುಖ ನೋಡ್ತಾ ನಿಂತ್ಕೋಬಾರ್ದು. ಅಷ್ಟು ಸಾಕು."

ಅಲ್ಲಿಗೆ ಶನಿವಾರದ ಪರೀಕ್ಷೆ ನಿಂತಿತು. ಆಮೇಲಿನ ದಿನಗಳು ಹಗುರವಾದವು. ಓಟ್ಸ್ ಹೇಗಿದೆ ಎಂದು ನಾನು ಕೇಳುತ್ತಿರಲಿಲ್ಲ. ಅವಳು ನಟಿಸುತ್ತಿರಲಿಲ್ಲ. "ಇವತ್ತು ಏನ್ ಅಗೀಲಿ?" ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಮಿಸ್ ಓಝೆಲ್ಲಾರ ಸಲಾಡ್‌ಗೆ ಉಪ್ಪು ನೋಡಲು ಪಾಸ್ಟರ್ ಗೇನ್ಸ್ ತಾವೇ ಅಡುಗೆಮನೆಗೆ ಹೋಗತೊಡಗಿದರು. ಹೀಗೇ ಇದ್ದರೂ ಆದೀತು ಎನ್ನುವ ಮಟ್ಟಕ್ಕೆ ನಾನು ಬಂದಿದ್ದೆ. ಬಲವಂತಕ್ಕೆ ಹೇಳಿಕೊಂಡದ್ದಲ್ಲ, ಹಾಗೆಯೇ ಅನ್ನಿಸುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದೆವು. ಕ್ಲೀವನ್ ತನಗೆಂದು ಕಿಂಗ್ ಬಾಯೂ ತಂದುಕೊಂಡಿದ್ದ, ನನಗೆ ಹ್ಯಾಪಿ ಹೆನ್. ವರ್ಡೆಲ್ ನಮ್ಮ ನಡುವೆ ಕೂತು ಯಾವುದೋ ಹೊದಿಕೆಗೆ ಅಂಚು ಹೊಲಿಯುತ್ತಿದ್ದಳು. ಹಸಿವಾಯಿತೋ ಏನೋ, ಆಟದ ಕಡೆ ನೋಡುತ್ತಲೇ ಕ್ಲೀವನ್‌ನ ತಟ್ಟೆಗೆ ಕೈ ಹಾಕಿ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು.

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ಉರೀತಿದೆ" ಎಂದಳು.

ನಾವಿಬ್ಬರೂ ಅಲುಗಾಡಲಿಲ್ಲ. ಕ್ಲೀವನ್ ಟಿವಿ ಕಡೆಗೇ ನೋಡುತ್ತ, "ಸಿಸ್, ಬೇಡ. ನನಗೋಸ್ಕರ ಏನೂ ಹೇಳ್ಬೇಡ. ನಾನೀಗ ಚೆನ್ನಾಗೇ ನಿದ್ದೆ ಮಾಡ್ತಿದೀನಿ" ಎಂದ.

"ಸುಮ್ಮನಿರು." ಇನ್ನೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣುಮುಚ್ಚಿ ಅಗಿದಳು. ಅವಳ ಮೂಗಿನ ತುದಿ ಒದ್ದೆಯಾಯಿತು. ನಿಧಾನವಾಗಿ ಮುಖ ಸಿಂಡರಿಸಿದಳು.

"ಥೂ!" ಎಂದಳು. "ಇದಾ? ಇಷ್ಟು ವರ್ಷ ನೀನು ಇದನ್ನಾ ತಿಂದಿದ್ದು? ಬರೀ ಉಪ್ಪು, ಬರೀ ಮೆಣಸು, ಕೋಳಿ ಎಲ್ಲೋ? ಕೋಳಿಗೆ ಈ ಊರಿನ ದಾರಿನೇ ಗೊತ್ತಿಲ್ಲ! ಎಣ್ಣೆ ಬೇರೆ ಹಳೇದು. ಇದನ್ನ ತಿಂದು ನನ್ನ ಟಾಲಿವರ್ಸ್‌ಗೆ ಹೆಸರಿಡ್ತಿದ್ಯಾ ನಾಚಿಕೆಗೆಟ್ಟವನೇ?"

ಕ್ಲೀವನ್ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಯಾರನ್ನಾದರೂ ಖುಷಿಪಡಿಸಲು ಹೇಳಿದ ಮಾತಲ್ಲ ಅದು.

"ಇನ್ನೊಂದು ಸಲ ಬೈ" ಎಂದ ಕ್ಲೀವನ್.

"ಬೈಯದೆ ಏನು ಮುತ್ತು ಕೊಡ್ಲಾ? ಬಾಯೆಲ್ಲಾ ಸುಟ್ಟುಹೋಯ್ತು. ಆಲ್ಟನ್, ನೀರು! ಅಲ್ಲ, ಮೊದಲು ನಿನ್ನದು ಕೊಡು ಇಲ್ಲಿ." ನನ್ನ ಹ್ಯಾಪಿ ಹೆನ್ ಕಿತ್ತುಕೊಂಡು ಕಚ್ಚಿದಳು. ಸ್ವಲ್ಪ ಯೋಚಿಸಿದಳು. "ಇದು ಈಗಲೂ ಕಾಗದಾನೇ" ಎಂದಳು.

ಎಲ್ಲ ರುಚಿಯೂ ಒಂದೇ ದಿನ ಬರಲಿಲ್ಲ. ಮೊದಲು ಖಾರ, ಉಪ್ಪು. ಕ್ರಿಸ್‌ಮಸ್ ಹೊತ್ತಿಗೆ ಹುಳಿ. ಸಿಹಿ ಇನ್ನೂ ಪೂರ್ತಿ ಬಂದಿಲ್ಲ, ಕಾಫಿ ಕೆಲವು ದಿನ ಕಾಫಿಯಾಗಿಯೂ ಕೆಲವು ದಿನ ಬಿಸಿನೀರಾಗಿಯೂ ಇರುತ್ತದೆ. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಕ್ಲೀವನ್ ಕಣ್ಣೊರೆಸಿಕೊಳ್ಳುತ್ತಲೇ ಇದ್ದವನು ನಡುವೆ ಎಲ್ಲೋ ನಿಜವಾಗಿಯೇ ಕೆರಳಿದ. "ಎಣ್ಣೆ ಹಳೇದು ಅಂದ್ಯಾ? ನಿಮ್ಮ ಟಾಲಿವರ್ಸ್‌ನವರ ಬನ್ನು ಒದ್ದೆ ಸ್ಪಂಜಿನ ಹಾಗಿರುತ್ತಲ್ಲ, ಅದಕ್ಕೇನಂತೀಯ?" ಎಂದು ಎದ್ದು ನಿಂತ. ವರ್ಡೆಲ್ ಹೊಲಿಗೆಯನ್ನು ಪಕ್ಕಕ್ಕೆ ಎಸೆದು ತಾನೂ ಎದ್ದಳು. ಇಬ್ಬರೂ ಅಡುಗೆಮನೆಯವರೆಗೆ ಜಗಳವಾಡಿಕೊಂಡು ಹೋಗಿ, ಅಲ್ಲಿಂದ ಜಗಳವಾಡಿಕೊಂಡೇ ವಾಪಸು ಬಂದರು. ನಾನು ಸೋಫಾಗೆ ಒರಗಿ ಕಾಲು ಚಾಚಿದೆ. ಟಿವಿ ತನ್ನ ಪಾಡಿಗೆ ಕೂಗುತ್ತಿತ್ತು. ಆಟ ಯಾರು ಗೆದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.